ಎಣ್ಣೆ ಯಾವುದೆಂದು ಪುಸ್ತಕ ಹೇಳಲಿ, ಯಾವಾಗೆಂದು ದಾರಿ ಹೇಳಲಿ

ತಿಪಟೂರು ಸೀಮೆಯ ಮನೆಗಳ ಮುಂದೆ ಹದಿನೈದು ವರ್ಷದ ಹಿಂದೆ ನಿಲ್ಲುತ್ತಿದ್ದುದು ಬೊಲೆರೊ, ಇಲ್ಲವೇ ಇಂಡಿಕಾ. ಈಗ ಅದೇ ಜಾಗದಲ್ಲಿ ಬ್ರೆಝಾ, ಕ್ರೆಟಾ, ನೆಕ್ಸಾನ್, ಸೆಲ್ಟೋಸ್, ಎಕ್ಸ್‌ಯುವಿ 700 ನಿಂತಿವೆ. ಗಾಡಿ ಬದಲಾಯಿತು, ಬಾನೆಟ್ಟಿನೊಳಗಿನ ಎಂಜಿನ್ ಪೂರ್ತಿ ಬದಲಾಯಿತು. ಆಯಿಲ್ ವಿಚಾರಕ್ಕೆ ಬಂದರೆ ನಾವು ಆಡುವ ಮಾತು ಮಾತ್ರ ಇನ್ನೂ ಬೊಲೆರೊ ಕಾಲದ್ದೇ.

ಹೊಸ ಬ್ರೆಝಾಕ್ಕೆ ಕಂಪನಿ ಹೇಳಿದ ಆಯಿಲ್ ಕ್ಯಾನ್ ಹಿಡಿದು ಯಾವುದಾದರೂ ಊರ ಗ್ಯಾರೇಜಿಗೆ ಹೋಗಿ ನೋಡಿ. ಮುಚ್ಚಳ ತೆಗೆದು ಬೆರಳಿಗೆ ಒಂದು ತೊಟ್ಟು ಸವರಿಕೊಂಡ ಮೆಕ್ಯಾನಿಕ್ ಹುಬ್ಬೇರಿಸುತ್ತಾರೆ: “ಇದೇನ್ ಯಜಮಾನ್ರೇ, ನೀರಿದ್ದಂಗೈತೆ! ನಮ್ ಕಡೆ ಬಿಸ್ಲಿಗೆ ಇದು ತಡೀತದಾ? ಫಾರ್ಟಿ ಹಾಕ್ಬುಡಾನ ಬಿಡಿ, ಗಟ್ಟಿಯಾಗಿರ್ತದೆ.” ಅವರು ಒಳ್ಳೆಯದಕ್ಕೇ ಹೇಳುತ್ತಾರೆ. ಟ್ರ್ಯಾಕ್ಟರ್, ಪಿಕಪ್, ಹಳೆಯ ಬೊಲೆರೊಗಳಿಗೆ ಬ್ಯಾರಲ್ಲಿನಿಂದ ಬಸಿದು ಹಾಕಿದ 15ಡಬ್ಲ್ಯು-40 ಆಯಿಲ್ ವರ್ಷಗಟ್ಟಲೆ ಕೆಲಸ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆ ಎಂಜಿನ್‌ಗಳಿಗೆ ಅದು ಸರಿಯಾದ ಆಯಿಲ್ಲೇ ಹೌದು. ನಿಮ್ಮ ಹೊಸ ಗಾಡಿಗೆ ಅಲ್ಲ.

ಈ ಲೇಖನದಲ್ಲಿ ಎರಡು ಸಂಗತಿ ಹೇಳಬೇಕಾಗಿದೆ. ಯಾವ ಆಯಿಲ್ ಹಾಕಬೇಕು ಎಂಬುದರಲ್ಲಿ ಗಾಡಿ ಜೊತೆ ಬಂದ ಪುಸ್ತಕವನ್ನು ಅಕ್ಷರಶಃ ನಂಬಿ. ಯಾವಾಗ ಬದಲಿಸಬೇಕು ಎಂಬುದರಲ್ಲಿ ಆ ಪುಸ್ತಕದ ದೊಡ್ಡಕ್ಷರದ ಅಂಕಿಗಿಂತ ನಿಮ್ಮ ದಿನನಿತ್ಯದ ಓಡಾಟವನ್ನು ನಂಬಿ. ನಮ್ಮ ಸೀಮೆಯಲ್ಲಿ ಬಹಳಷ್ಟು ಜನ ಇದನ್ನು ತಿರುವುಮುರುವು ಮಾಡುತ್ತಿದ್ದಾರೆ.

ಬಿಸಿಲಿಗೂ ಆಯಿಲ್‌ಗೂ ಸಂಬಂಧವೆಷ್ಟು?

ತೆಂಗಿನ ನಾಡಿನವರಿಗೆ ಎಣ್ಣೆಯ ಸ್ವಭಾವ ವಿವರಿಸುವುದು ಸುಲಭ. ಮಾಗಿಯ ಮುಂಜಾನೆ ಬಚ್ಚಲ ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಹಂಡೆ ಒಲೆಯ ಮುಂದಿಟ್ಟರೆ ಐದೇ ನಿಮಿಷಕ್ಕೆ ಕರಗಿ ಹರಿಯುತ್ತದೆ. ಎಂಜಿನ್ ಆಯಿಲ್ ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ, ಆದರೆ ತಣ್ಣಗಿದ್ದಾಗ ಮಂದ, ಬಿಸಿಯಾದಾಗ ತೆಳು ಎಂಬ ಗುಣ ಅದಕ್ಕೂ ಉಂಟು. ಕ್ಯಾನಿನ ಮೇಲಿನ ಎರಡು ಅಂಕಿಗಳು ಹೇಳುವುದು ಇದನ್ನೇ. ಡಬ್ಲ್ಯು ಅಕ್ಷರಕ್ಕೆ ಮುಂಚಿನ ಅಂಕಿ ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ. ಅಂಕಿ ಚಿಕ್ಕದಾದಷ್ಟೂ ಹರಿವು ಚುರುಕು. ನಂತರದ ಅಂಕಿ 100 ಡಿಗ್ರಿ ಕಾವಿನಲ್ಲಿ ಆಯಿಲ್ ಎಷ್ಟು ದಪ್ಪ ಉಳಿದಿರುತ್ತದೆ ಎಂಬುದರ ಅಳತೆ.

“ಸೊನ್ನೆ ಡಬ್ಲ್ಯು ಅಂದ್ರೆ ಕಾಶ್ಮೀರದೋರಿಗೆ” ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಪರೀಕ್ಷೆ ಮಾಡುವುದು ಚಳಿಯಲ್ಲಿ ಎಂಬುದೇನೋ ನಿಜ: 0ಡಬ್ಲ್ಯು ಆಯಿಲನ್ನು ಶೂನ್ಯಕ್ಕಿಂತ 35 ಡಿಗ್ರಿ ಕೆಳಗೆ, 15ಡಬ್ಲ್ಯು ಆಯಿಲನ್ನು 20 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಆದರೆ ಎಂಜಿನ್ ಪಾಲಿಗೆ ಚಳಿ ಎಂದರೆ ಹಿಮ ಬೀಳುವುದಲ್ಲ. ಓಡುವಾಗ ಆಯಿಲ್ ಇರುವುದು 90ರಿಂದ 100 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೆ ಹೋಲಿಸಿದರೆ ನಮ್ಮ ಡಿಸೆಂಬರ್ ಮುಂಜಾನೆಯಷ್ಟೇ ಅಲ್ಲ, ಏಪ್ರಿಲ್ ಮುಂಜಾನೆಯೂ ತಣ್ಣಗಿನದೇ. 40 ಡಿಗ್ರಿಯಲ್ಲಿ ಅಳೆದರೂ ಸಾಮಾನ್ಯ 15ಡಬ್ಲ್ಯು-40 ಆಯಿಲ್ 0ಡಬ್ಲ್ಯು-16ಕ್ಕಿಂತ ಸುಮಾರು ಮೂರು ಪಟ್ಟು ಮಂದ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಬಹುಪಾಲು ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಕೀಲಿ ತಿರುವಿದ ಮೊದಲ ಕೆಲವು ಸೆಕೆಂಡುಗಳಲ್ಲಿ ಅದು ಮೇಲಿನ ಕ್ಯಾಮ್‌ಶಾಫ್ಟ್ ತನಕ ಏರಬೇಕು. ಆ ಹೊತ್ತಿನಲ್ಲಿ ಲೋಹಕ್ಕೆ ಲೋಹ ತೇಯುವುದನ್ನು ತಡೆಯುವುದು ಬೇಗ ಏರುವ ತೆಳು ಆಯಿಲ್.

ಇನ್ನು ಬಿಸಿಲಿನ ಮಾತು. ಹೊರಗೆ ಮಾರ್ಚಿಯ 37 ಡಿಗ್ರಿ ಇರಲಿ, ಸೋನೆಮಳೆಯ 20 ಇರಲಿ, ಎಂಜಿನ್ ಕಾವನ್ನು ಕಾಯುವುದು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್. ಒಳಗಿನ ಕಾವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ‘ನಮ್ಮದು ಬಿಸಿಲು ಸೀಮೆ, ದಪ್ಪ ಆಯಿಲ್ ಇರಲಿ’ ಎಂಬುದಕ್ಕೆ ಇಂದಿನ ಎಂಜಿನ್‌ನಲ್ಲಿ ಬುಡವಿಲ್ಲ.

ದಪ್ಪ ಆಯಿಲ್ ಹಾಕಿದರೆ ಆಗುವ ನಷ್ಟವೇನು? ಹೊಸ ಎಂಜಿನ್‌ನಲ್ಲಿ ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ. ವಾಲ್ವ್‌ಗಳು ಯಾವ ಗಳಿಗೆಗೆ ತೆರೆಯಬೇಕೆಂದು ಬದಲಿಸುವ ವ್ಯವಸ್ಥೆ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್, ಎಷ್ಟೋ ಗಾಡಿಗಳಲ್ಲಿ ಟರ್ಬೊ ಬೇರಿಂಗ್, ಇವೆಲ್ಲ ನಡೆಯುವುದು ಸಣ್ಣ ಸಣ್ಣ ಕಿಂಡಿಗಳಲ್ಲಿ ಹಾದುಬರುವ ಆಯಿಲ್ ಒತ್ತಡದಿಂದ. ಬೇರಿಂಗಿನ ಸಂದು ತಲೆಗೂದಲಿಗಿಂತ ಕಿರಿದು. ಅಲ್ಲಿಗೆ ಎಷ್ಟು ದಪ್ಪದ ಆಯಿಲ್ ಎಂದು ಲೆಕ್ಕ ಹಾಕಿಯೇ ಸಂದು ಬಿಟ್ಟಿರುತ್ತಾರೆ. ಮಂದ ಆಯಿಲ್ ಹಾಕಿದ ದಿನವೇ ಎಂಜಿನ್ ಕೂರುವುದಿಲ್ಲ, ಹಾಗಾಗಿಯೇ ‘ಹಾಕಿದ್ದೆ, ಏನೂ ಆಗಲಿಲ್ಲ’ ಎಂಬ ಮಾತು ಹಬ್ಬುತ್ತದೆ. ಮೈಲೇಜ್ ಇಳಿಯುವುದು, ಮುಂಜಾನೆ ಸ್ಟಾರ್ಟ್ ಮಾಡಿದಾಗ ಚೈನ್ ಸದ್ದು ಬರುವುದು, ವಾರಂಟಿ ಕೇಳಲು ಹೋದಾಗ ತಗಾದೆ ಎದುರಾಗುವುದು, ಇವು ನಿಧಾನಕ್ಕೆ ಬರುವ ಬಿಲ್ಲುಗಳು.

ಮಾರುತಿಯ ಹೊಸ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳಿಗೆ, ಅಂದರೆ ಈಗಿನ ಬ್ರೆಝಾ, ಗ್ರ್ಯಾಂಡ್ ವಿಟಾರಾಗಳಿಗೆ, ಪುಸ್ತಕದಲ್ಲಿ 0ಡಬ್ಲ್ಯು-16 ಎಂದಿದೆ. ಉಳಿದ ಕಂಪನಿಗಳ ಫ್ಯಾಮಿಲಿ ಎಸ್‌ಯುವಿಗಳಲ್ಲಿ 0ಡಬ್ಲ್ಯು-20, 5ಡಬ್ಲ್ಯು-30 ಹೆಚ್ಚಾಗಿ ಕಾಣುತ್ತವೆ. ಒಂದೇ ಹೆಸರಿನ ಗಾಡಿಯಲ್ಲೇ ಪೆಟ್ರೋಲಿಗೆ ಒಂದು, ಟರ್ಬೊ ಪೆಟ್ರೋಲಿಗೆ ಒಂದು, ಡೀಸೆಲ್‌ಗೆ ಇನ್ನೊಂದು ಇರುತ್ತದೆ. ಹಾಗಾಗಿ ಪಕ್ಕದ ಮನೆಯ ಕ್ರೆಟಾಗೆ ಹಾಕಿದ್ದು ನಿಮ್ಮ ಕ್ರೆಟಾಗೂ ಆದೀತು ಎನ್ನಬೇಡಿ. ಪುಸ್ತಕದಲ್ಲಿ ಪರ್ಯಾಯ ದರ್ಜೆ ಕೊಟ್ಟಿದ್ದರೆ ಅದನ್ನು ಹಾಕಬಹುದು, ಕೊಟ್ಟಿಲ್ಲವಾದರೆ ಇಲ್ಲ.

ಕ್ಯಾನಿನ ಹಿಂಬದಿ ಓದಿ

ದಪ್ಪದ ಅಂಕಿ ಸರಿ ಹೊಂದಿದರೆ ಅರ್ಧ ಕೆಲಸವಷ್ಟೇ ಆಯಿತು. ಕ್ಯಾನಿನ ಮುಂಬದಿಯ ದೊಡ್ಡಕ್ಷರದ ಹೆಸರುಗಳನ್ನು ಬಿಟ್ಟು ಹಿಂಬದಿಯ ಸಣ್ಣಕ್ಷರ ನೋಡಿ. ‘ಫುಲ್ಲಿ ಸಿಂಥೆಟಿಕ್’ ಎಂದಿದ್ದ ಮಾತ್ರಕ್ಕೆ ನಿಮ್ಮ ಎಂಜಿನ್‌ಗೆ ಹೊಂದುತ್ತದೆ ಎಂದೇನಿಲ್ಲ. ಹೊಂದುತ್ತದೋ ಇಲ್ಲವೋ ಹೇಳುವುದು ಗುಣಮಟ್ಟದ ಗುರುತು.

ಪೆಟ್ರೋಲ್ ಗಾಡಿಗೆ ಅಮೆರಿಕದ ಎಪಿಐ ಸಂಸ್ಥೆಯ ಗುರುತು ಮುಖ್ಯ. ಎಸ್ ಅಕ್ಷರದ ಮುಂದೆ ಬರುವ ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಹೊಸದು: ಎಸ್‌ಎನ್ 2010ರದು, ಎಸ್‌ಪಿ 2020ರದು, ಎಸ್‌ಕ್ಯು 2025ರದು. ಪುಸ್ತಕದಲ್ಲಿ ಎಸ್‌ಎನ್ ಎಂದಿದ್ದರೆ ಅದೇ ದಪ್ಪದ ಎಸ್‌ಪಿ ಧಾರಾಳವಾಗಿ ಹಾಕಬಹುದು. ಎಸ್‌ಪಿ ಎಂದಿದ್ದರೆ ಎಸ್‌ಎನ್‌ಗೆ ಇಳಿಯಬಾರದು. ಟರ್ಬೊ ಪೆಟ್ರೋಲ್ ಇಟ್ಟುಕೊಂಡವರಿಗೆ ಇದು ಇನ್ನೂ ಮುಖ್ಯ. ಕ್ರೆಟಾ ಟರ್ಬೊ, ಎಕ್ಸ್‌ಯುವಿ 700 ಪೆಟ್ರೋಲ್‌ನಂಥ ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಭಾರ ಬಿದ್ದಾಗ ಕಿಡಿ ಹಾರುವ ಮುಂಚೆಯೇ ಇಂಧನ ಹೊತ್ತಿಕೊಂಡು ಪಿಸ್ಟನ್‌ಗೆ ಪೆಟ್ಟು ಕೊಡುವ ತೊಂದರೆಯುಂಟು. ಆಯಿಲ್‌ನಲ್ಲಿ ಬೆರೆಸುವ ಕ್ಯಾಲ್ಸಿಯಂ ಅಂಶ ಹೆಚ್ಚಿದ್ದರೆ ಆ ತೊಂದರೆ ಹೆಚ್ಚುತ್ತದೆ ಎಂದು ಕಂಡುಕೊಂಡ ಮೇಲೆ, ಎಸ್‌ಪಿ ದರ್ಜೆಯ ಆಯಿಲನ್ನು ಅದಕ್ಕೆ ತಡೆ ಕೊಡುವಂತೆ, ಜೊತೆಗೆ ಟೈಮಿಂಗ್ ಚೈನ್ ಸವೆತ ತಗ್ಗಿಸುವಂತೆ ರೂಪಿಸಿದರು. ತೋಟದ ಏರಿ ಹತ್ತುವಾಗ ಮೂರನೇ ಗೇರಿನಲ್ಲೇ ಎಳೆಸದೆ ಎರಡಕ್ಕೆ ಇಳಿಸಿದರೆ ಎಂಜಿನ್‌ಗೆ ನೀವೂ ಅಷ್ಟು ಉಪಕಾರ ಮಾಡಿದಂತೆ.

ಡೀಸೆಲ್ ಗಾಡಿಯದು ಬೇರೆಯೇ ಕಥೆ, ಮತ್ತು ನಮ್ಮ ಕಡೆ ಹೆಚ್ಚು ಹಾನಿಯಾಗುತ್ತಿರುವುದು ಇಲ್ಲೇ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂತು. ಡೀಸೆಲ್‌ನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು, ಕಾರುಗಳ ಹೊಗೆ ಕೊಳವೆಗೆ ಡಿಪಿಎಫ್ ಎಂಬ ಮಸಿ ಸೋಸುವ ಫಿಲ್ಟರ್ ಬಂತು. ಈ ಫಿಲ್ಟರ್ ಮಸಿ ತುಂಬಿದಾಗ ತನ್ನಷ್ಟಕ್ಕೆ ಸುಟ್ಟುಕೊಂಡು ಸ್ವಚ್ಛವಾಗುತ್ತದೆ. ಆದರೆ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಅದಕ್ಕಾಗಿ ಈ ಗಾಡಿಗಳಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಯುರೋಪಿನ ಎಸಿಇಎ ಸಂಸ್ಥೆಯ ಸಿ2, ಸಿ3, ಸಿ5 ಗುರುತಿನ ಆಯಿಲ್‌ಗಳಲ್ಲಿ ಬೂದಿಯ ಅಂಶ ಶೇ 0.8 ಮೀರುವಂತಿಲ್ಲ. ಬ್ಯಾರಲ್ಲಿನ ಸಿಐ-4 ಡೀಸೆಲ್ ಆಯಿಲ್‌ನಲ್ಲಿ ಅದು ಸಾಮಾನ್ಯವಾಗಿ ಶೇ 1ನ್ನು ದಾಟಿರುತ್ತದೆ. ಟ್ರ್ಯಾಕ್ಟರಿಗೆ ಒಳ್ಳೆಯದಾದ ಆಯಿಲ್ ಬಿಎಸ್6 ಡೀಸೆಲ್ ಎಸ್‌ಯುವಿಯ ಡಿಪಿಎಫ್ ಹಂತಹಂತವಾಗಿ ಕಟ್ಟಿಹೋಗುವಂತೆ ಮಾಡುತ್ತದೆ. ಒಂದು ಡಿಪಿಎಫ್ ಬದಲಿಸುವ ಖರ್ಚಿನಲ್ಲಿ ಎಷ್ಟು ವರ್ಷದ ಸರಿಯಾದ ಆಯಿಲ್ ಬರುತ್ತದೆಂದು ಯಾವ ಶೋರೂಮಿನಲ್ಲಾದರೂ ವಿಚಾರಿಸಿ ನೋಡಿ.

ಒಂದು ಸಣ್ಣ ವಿಚಾರ, ಊರಿನ ನಂಟಿಗಾಗಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳಿನ ಎಣ್ಣೆ ನಮ್ಮ ಗಾಡಿಗಳ ಅಚ್ಚಿಗೆ ಕೀಲೆಣ್ಣೆಯಾಗಿದ್ದ ಕಾಲದಲ್ಲೇ, ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಮೋಟಾರ್ ಆಯಿಲ್ ತಯಾರಿಸಿತು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದು ಆ ಹರಳೆಣ್ಣೆಯಿಂದಲೇ.

ಹತ್ತು ಸಾವಿರ ಕಿಲೋಮೀಟರ್ ಯಾರಿಗೆ?

ಇಂದಿನ ಹೆಚ್ಚಿನ ಎಸ್‌ಯುವಿಗಳ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದಿರುತ್ತದೆ. ಕೆಲವರದು 15,000 ಕಿ.ಮೀ. ಈ ಸಾಲಿನಲ್ಲಿ ನಮ್ಮವರು ಓದುವುದು ಕಿಲೋಮೀಟರ್ ಅನ್ನು ಮಾತ್ರ. ‘ಯಾವುದು ಮೊದಲೋ ಅದು’ ಎಂಬುದು ಕಣ್ತಪ್ಪುತ್ತದೆ. ಅದೇ ಪುಟದ ಕೆಳಗೆ ಅಥವಾ ಮುಂದಿನ ಪುಟದಲ್ಲಿ ‘ಕಠಿಣ ಬಳಕೆ’ ಎಂಬ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ತೆರೆದವರೇ ಕಡಿಮೆ.

ಆ ಪಟ್ಟಿಯಲ್ಲಿ ಏನಿರುತ್ತದೆ? ಧೂಳಿನ ದಾರಿ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಮುಗಿಯುವ ಚಿಕ್ಕ ಓಡಾಟ. ನಿಂತಲ್ಲೇ ಎಂಜಿನ್ ಓಡಿಸುವುದು. ಭಾರ ಹೇರುವುದು. ಘಾಟಿ ರಸ್ತೆ. ತುರುವೇಕೆರೆಯಲ್ಲಿ ಮನೆ, ದಂಡಿನಶಿವರದ ಕಡೆ ತೋಟ ಇರುವ ಒಬ್ಬ ಗೃಹಸ್ಥರ ದಿನ ನೆನೆಸಿಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವುದು ಎರಡು ಕಿ.ಮೀ. ಆಮೇಲೆ ತೋಟಕ್ಕೆ ಹೋಗಿ ಕಾಯಿ ಕೀಳುವವರು ಬಂದರೇ ಎಂದು ನೋಡುವುದು. ಕೊನೆಯ ಒಂದು ಕಿ.ಮೀ. ಮೊದಲ ಗೇರಿನ ಮಣ್ಣುದಾರಿ. ಮಧ್ಯಾಹ್ನ ಬ್ಯಾಂಕು, ಸಂಜೆ ಮಂಡಿ. ಎಸಿ ಹಾಕಿಕೊಂಡು ಯಾರಿಗೋ ಕಾಯುವುದು ಹತ್ತು ನಿಮಿಷ. ದಿನಕ್ಕೆ 15 ಕಿ.ಮೀ. ಎಂದರೂ ವರ್ಷಕ್ಕೆ ಐದೂವರೆ ಸಾವಿರ ದಾಟುವುದಿಲ್ಲ. ‘ಹೆಚ್ಚು ಓಡೇ ಇಲ್ಲವಲ್ಲ, ಆಯಿಲ್ ಇನ್ನೂ ಹೊಸದೇ’ ಎಂದು ಎರಡನೆಯ ವರ್ಷಕ್ಕೂ ಮುಂದೂಡುತ್ತಾರೆ. ಪುಸ್ತಕದ ಕಠಿಣ ಬಳಕೆಯ ಪಟ್ಟಿಯಲ್ಲಿ ಇವರ ಗಾಡಿ ಭಾರ, ಘಾಟಿ ಎರಡನ್ನು ಬಿಟ್ಟು ಉಳಿದೆಲ್ಲಕ್ಕೂ ಸೇರುತ್ತದೆ.

ಚಿಕ್ಕ ಓಡಾಟ ಆಯಿಲ್ ಅನ್ನು ಕೆಡಿಸುವುದು ಹೇಗೆಂದು ತಿಳಿದರೆ ಮುಂದೂಡುವ ಮನಸ್ಸಾಗುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತದೆ, ಅಲ್ಪಸ್ವಲ್ಪ ಪಿಸ್ಟನ್ ರಿಂಗ್ ಸಂದಿನಿಂದ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ. ತಣ್ಣಗಿನ ಎಂಜಿನ್‌ಗೆ ಇಂಧನವನ್ನೂ ಹೆಚ್ಚಾಗಿ ಊಡಬೇಕಾಗುತ್ತದೆ. ಅದರ ಒಂದು ಪಾಲೂ ಆಯಿಲ್ ಸೇರುತ್ತದೆ. ಎಂಜಿನ್ ಅರ್ಧ ಗಂಟೆ ಬಿಸಿಯಾಗಿ ಓಡಿದರೆ ನೀರೂ ಪೆಟ್ರೋಲೂ ಆವಿಯಾಗಿ ಹೊರಟುಹೋಗುತ್ತವೆ. ಎರಡು ಕಿ.ಮೀ. ಓಡಿ ನಿಲ್ಲಿಸಿದರೆ ಅಲ್ಲೇ ಉಳಿದು ಹುಳಿಯಾಗಿ ಲೋಹ ತಿನ್ನುತ್ತವೆ, ಆಯಿಲ್ ಕೆಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ನಡುಗೆರೆಗೆ ಬಂತೆಂದರೆ ನೀರು ಬಿಸಿಯಾಯಿತು ಎಂದಷ್ಟೇ ಅರ್ಥ. ಆಯಿಲ್ ಬಿಸಿಯಾಗಲು ಇನ್ನೂ ಅಷ್ಟೇ ಹೊತ್ತು ಬೇಕು. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನ ಎಥನಾಲ್ ತೇವ ಹೀರುವ ಗುಣದ್ದು. ಚಿಕ್ಕ ಓಡಾಟದವರು ತಿಂಗಳ ಲೆಕ್ಕ ತಪ್ಪದಿರಲು ಅದೂ ಒಂದು ಕಾರಣ.

ಹೈಬ್ರಿಡ್ ತೆಗೆದುಕೊಂಡವರಿಗೂ ಇದೇ ಮಾತು. ಊರೊಳಗೆ ಬಹಳ ಹೊತ್ತು ಬ್ಯಾಟರಿಯಲ್ಲೇ ಓಡುವುದರಿಂದ ಎಂಜಿನ್ ಬಿಸಿಯಾಗುವುದೇ ಕಡಿಮೆ.

ಡೀಸೆಲ್‌ನಲ್ಲಿ ಇದು ಇನ್ನೊಂದು ರೂಪ ತಾಳುತ್ತದೆ. ಡಿಪಿಎಫ್ ಸ್ವಚ್ಛವಾಗಲು ಸುಮಾರು 600 ಡಿಗ್ರಿ ಕಾವು ಬೇಕು. ಅದಕ್ಕಾಗಿ ಎಂಜಿನ್ ತಡವಾಗಿ ಸ್ವಲ್ಪ ಹೆಚ್ಚು ಡೀಸೆಲ್ ಸಿಂಪಡಿಸುತ್ತದೆ. ಬಿ.ಎಚ್. ರಸ್ತೆಯಂಥ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಸುಡುವ ಕೆಲಸ ಸರಾಗವಾಗಿ ಮುಗಿಯುತ್ತದೆ. ನಡುವೆಯೇ ಮನೆ ಬಂತೆಂದು ಗಾಡಿ ಆರಿಸಿದರೆ ಅರ್ಧಕ್ಕೆ ನಿಲ್ಲುತ್ತದೆ, ಮಾರನೆಯ ದಿನ ಮತ್ತೆ ಶುರುವಾಗುತ್ತದೆ, ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿ ಸಲವೂ ಸಿಲಿಂಡರ್ ಗೋಡೆಗೆ ಅಂಟಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆಗ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುವ ಬದಲು ಏರಿರುತ್ತದೆ. ಅದನ್ನು ಕಂಡು ‘ಪರವಾಗಿಲ್ಲ, ಫುಲ್ ಐತೆ’ ಎಂದು ಸಮಾಧಾನಪಟ್ಟುಕೊಳ್ಳುವುದು ಅಪಾಯ. ಮ್ಯಾಕ್ಸ್ ಗೆರೆ ದಾಟಿ ಆಯಿಲ್ ಏರಿದ್ದು, ಮೂಸಿದರೆ ಡೀಸೆಲ್ ವಾಸನೆ ಬರುತ್ತಿದ್ದರೆ ಕಿಲೋಮೀಟರ್ ಎಷ್ಟೇ ಇರಲಿ, ಆಯಿಲ್ ಬದಲಿಸುವ ದಿನ ಬಂದಿದೆ. ಡಿಪಿಎಫ್ ದೀಪ ಹತ್ತಿದಾಗ ಪುಸ್ತಕ ಹೇಳಿದಂತೆ ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ, ಕಿಬ್ಬನಹಳ್ಳಿ ಕ್ರಾಸ್ ತನಕ ಹೋಗಿ ಬಂದರೂ ಆದೀತು. ಇನ್ನೂ ಗಾಡಿ ಕೊಳ್ಳದವರಿಗೆ ನನ್ನ ನೇರ ಸಲಹೆ: ಊರು-ತೋಟ ಬಿಟ್ಟು ವಾರಕ್ಕೊಮ್ಮೆಯೂ ಹೆದ್ದಾರಿಗೆ ಏರದ ಮನೆಗೆ ಡೀಸೆಲ್ ಎಸ್‌ಯುವಿ ಬೇಡ, ಪೆಟ್ರೋಲೇ ಸರಿ.

ಹಾಗಾದರೆ ಎಷ್ಟಕ್ಕೆ ಬದಲಿಸಬೇಕು? ತಿಪಟೂರಿನಿಂದ ವಾರಕ್ಕೊಮ್ಮೆ ಬೆಂಗಳೂರಿಗೆ, ತುಮಕೂರಿಗೆ ಹೋಗಿಬರುವ ಗಾಡಿಗೆ ಪುಸ್ತಕದ 10,000 ಕಿ.ಮೀ. ಪೂರ್ತಿ ಸಲ್ಲುತ್ತದೆ, ಸುಮ್ಮನೆ ಮುಂಚಿತವಾಗಿ ಬದಲಿಸಿ ದುಡ್ಡು ಕಳೆಯಬೇಡಿ. ಊರು-ತೋಟವೇ ಹೆಚ್ಚಾದ ಸಾಮಾನ್ಯ ಪೆಟ್ರೋಲ್ ಗಾಡಿಗೆ 5,000 ಕಿ.ಮೀ. ಅಥವಾ ಆರು ತಿಂಗಳು ಎಂದು ಇಟ್ಟುಕೊಳ್ಳಿ. ತೋಟದ ಧೂಳು ಕಡಿಮೆ ಇದ್ದು, ತಿಂಗಳಿಗೆ ಎರಡು ಸಲವಾದರೂ ದೂರ ಹೋಗುವುದಾದರೆ ವರ್ಷಕ್ಕೊಮ್ಮೆ ಸಾಕು, ಅದಕ್ಕಿಂತ ಒಂದು ದಿನವೂ ಹೆಚ್ಚು ಬೇಡ. ಟರ್ಬೊ ಪೆಟ್ರೋಲ್‌ಗೂ ಬಿಎಸ್6 ಡೀಸೆಲ್‌ಗೂ ಊರೊಳಗಿನ ಬಳಕೆಯಲ್ಲಿ ಪುಸ್ತಕದ ಅಂತರವನ್ನು ಅರ್ಧಕ್ಕಿಳಿಸುವುದೇ ಕ್ಷೇಮ. 15,000 ಕಿ.ಮೀ. ಎಂದು ಬರೆದಿದ್ದ ಗಾಡಿಯನ್ನು ಹುಳಿಯಾರು-ಹಂದನಕೆರೆ ಕಡೆಯ ಧೂಳಿನಲ್ಲಿ ಓಡಿಸುತ್ತಾ 15,000ದ ತನಕ ಕಾಯುವುದನ್ನು ನಾನಂತೂ ಒಪ್ಪುವುದಿಲ್ಲ.

ಆಯಿಲ್ ಕಪ್ಪಾಯಿತು ಎಂಬುದು ಬದಲಿಸಲು ಕಾರಣವಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಮಸಿಯನ್ನು ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದು ಅದರ ಕೆಲಸ. ಆದರೆ ಹಾಲು ಬೆರೆಸಿದ ಬಣ್ಣ ಬಂದರೆ ನೀರೋ ಕೂಲೆಂಟೋ ಸೇರಿದೆ ಎಂದು ಅರ್ಥ. ಆಗ ಗಾಡಿ ಓಡಿಸದೆ ತೋರಿಸಿ.

ಧೂಳು, ನಾರು, ಇಲಿ

ಆಯಿಲ್‌ಗೆ ಧೂಳು ಸೇರುವುದು ಏರ್ ಫಿಲ್ಟರ್ ಮೂಲಕ. ನಮ್ಮ ಕೆಮ್ಮಣ್ಣಿನ ಧೂಳಿನಲ್ಲಿ ಮರಳಿನ ಅಂಶ ಇದೆ. ಅದು ಸಿಲಿಂಡರ್ ಗೋಡೆಯನ್ನು ಉಜ್ಜುತ್ತಾ ಆಯಿಲ್‌ಗೆ ಇಳಿದರೆ ಎಷ್ಟೇ ದುಬಾರಿ ಸಿಂಥೆಟಿಕ್ ಆಯಿಲ್ ಹಾಕಿದ್ದರೂ ಬೇರಿಂಗ್ ಸವೆಯುತ್ತದೆ. ಚಿಕ್ಕನಾಯಕನಹಳ್ಳಿಯ ಅದಿರು ಹಾದಿಗಳ ಧೂಳು ಒಂದು ಬಗೆ, ನಾರಿನ ಮಿಲ್ ಸುತ್ತಲಿನದು ಇನ್ನೊಂದು ಬಗೆ. ನಾರಿನ ಪುಡಿ ಹಗುರ, ಗಾಳಿಯಲ್ಲಿ ತೇಲುತ್ತಾ ಬಂದು ಫಿಲ್ಟರಿನ ಮಡಿಕೆಗಳಲ್ಲಿ, ರೇಡಿಯೇಟರಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಏರ್ ಫಿಲ್ಟರ್ ಡಬ್ಬಿಯನ್ನು ನೀವೇ ತೆರೆಯಬಹುದು; ಸಾಮಾನ್ಯವಾಗಿ ನಾಲ್ಕು ಕ್ಲಿಪ್ಪೋ ನಾಲ್ಕು ಸ್ಕ್ರೂವೋ ಇರುತ್ತವೆ. ಕೊಬ್ಬರಿ ಅಟ್ಟದ ಕೆಳಗೆ, ಕಾಯಿ ರಾಶಿ ಪಕ್ಕದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ಇದನ್ನು ತೆರೆದು ನೋಡಲೇಬೇಕು. ಇಲಿ ಒಳಗೆ ನಾರು ಹಾಸಿ, ಕೊಬ್ಬರಿ ಚೂರು ತಂದಿಟ್ಟು ಗೂಡು ಮಾಡಿರುತ್ತದೆ. ಫಿಲ್ಟರ್ ಕಾಗದವನ್ನು ಒಂದು ಕಡೆ ಕಡಿದು ತೂತು ಮಾಡಿದ್ದರೆ ಅಷ್ಟು ದಿನವೂ ಧೂಳು ಸೋಸದೆ ನೇರ ಎಂಜಿನ್‌ಗೆ ಹೋಗಿದೆ ಎಂದೇ ಲೆಕ್ಕ. ಆಗ ಫಿಲ್ಟರ್ ಜೊತೆ ಆಯಿಲನ್ನೂ ಬದಲಿಸಿ. ಕಂಪ್ರೆಸರ್ ಗಾಳಿ ಹೊಡೆದು ಸ್ವಚ್ಛ ಮಾಡುವುದಾದರೆ ಒತ್ತಡ ತಗ್ಗಿಸಿ, ಎಂಜಿನ್ ಕಡೆಯ ಸ್ವಚ್ಛ ಮೈಯಿಂದ ಹೊರಗಿನ ಧೂಳು ಮೈ ಕಡೆಗೆ ಹೊಡೆಯಬೇಕು. ಎದುರು ದಿಕ್ಕಿನಿಂದ ಹೊಡೆದರೆ ಧೂಳು ಕಾಗದದೊಳಕ್ಕೆ ತೂರುತ್ತದೆ. ಒಂದೆರಡು ಸಲ ಹೀಗೆ ಮಾಡಿದ ಮೇಲೆ ಹೊಸದು ಹಾಕಿ. ಎಸಿಯ ಕ್ಯಾಬಿನ್ ಫಿಲ್ಟರ್ ಬೇರೆ, ಇದು ಬೇರೆ. ಬಿಲ್ಲಿನಲ್ಲಿ ‘ಫಿಲ್ಟರ್ ಚೇಂಜ್’ ಎಂದಿದ್ದರೆ ಯಾವುದೆಂದು ಕೇಳಿ.

ಗ್ಯಾರೇಜಿನಲ್ಲಿ ನಿಂತು ನೋಡಿ

ವಾರಂಟಿ ಇರುವಷ್ಟು ದಿನ ನಿಗದಿತ ಸರ್ವಿಸನ್ನು ಕಂಪನಿಯ ಅಧಿಕೃತ ವರ್ಕ್‌ಶಾಪ್‌ನಲ್ಲೇ ಮಾಡಿಸಿ. ನಡುವಿನ ಹೆಚ್ಚುವರಿ ಆಯಿಲ್ ಬದಲಾವಣೆಯನ್ನೂ ಅಲ್ಲೇ ಕೇಳಿ ಮಾಡಿಸಿದರೆ ದಾಖಲೆ ಒಂದೇ ಕಡೆ ಇರುತ್ತದೆ. ವಾರಂಟಿ ಮುಗಿದ ಮೇಲೆ ನಂಬಿಕೆಯ ಊರ ಮೆಕ್ಯಾನಿಕ್ ಬಳಿ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ, ಆಯಿಲ್ ಮತ್ತು ಫಿಲ್ಟರ್ ನೀವೇ ಕೊಂಡೊಯ್ಯಿರಿ. ಪುಸ್ತಕದ ಆ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಅಂಗಡಿಯಲ್ಲಿ ತಡವರಿಸಬೇಕಾಗಿಲ್ಲ.

ನಕಲಿ ಆಯಿಲ್ ದಂಧೆ ಬದುಕಿರುವುದು ನಾವು ಎಸೆದ ಖಾಲಿ ಕ್ಯಾನುಗಳಿಂದ. ಕೊಳ್ಳುವಾಗ ಮುಚ್ಚಳದ ಸೀಲ್ ಉಂಗುರ, ಅದರೊಳಗಿನ ಹಾಳೆ, ಬ್ಯಾಚ್ ನಂಬರ್, ತಯಾರಿಸಿದ ದಿನ ನೋಡಿ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಕ್ಯಾನ್ ನಿಮ್ಮ ಕಣ್ಣೆದುರೇ ತೆರೆಯಲಿ. ಖಾಲಿಯಾದ ಮೇಲೆ ತಳಕ್ಕೆ ಒಂದು ಮೊಳೆ ಹೊಡೆದು ತೂತು ಮಾಡಿಸಿ.

ಬದಲಿಸುವಾಗ ಎಂಜಿನ್ ತುಸು ಬಿಸಿ ಇರಬೇಕು, ಆಗ ಹಳೆಯದು ಪೂರ್ತಿ ಬಸಿಯುತ್ತದೆ. ಆಯಿಲ್ ಫಿಲ್ಟರ್ ಪ್ರತಿ ಸಲವೂ ಹೊಸದಾಗಿರಲಿ. ‘ಒಂದು ಸಲ ಬಿಟ್ಟು ಒಂದು ಸಲ ಸಾಕು’ ಎಂಬ ಮಾತಿಗೆ ಒಪ್ಪಬೇಡಿ; ಹಳೆಯ ಫಿಲ್ಟರಿನಲ್ಲಿ ಉಳಿದ ಕೊಳೆ ಆಯಿಲ್ ಹೊಸ ಆಯಿಲ್‌ನಲ್ಲಿ ಬೆರೆಯುತ್ತದೆ. ಚೇಂಬರ್ ಬೋಲ್ಟಿನ ವಾಷರೂ ಹೊಸದೇ ಆಗಬೇಕು. ಇಲ್ಲವಾದರೆ ಹನಿ ಹನಿ ಸೋರಿ ಮನೆಯಂಗಳ ಕಲೆಯಾಗುತ್ತದೆ. ಎಂಜಿನ್ ಫ್ಲಶ್, ಆಯಿಲ್ ಬೂಸ್ಟರ್, ಎಂಜಿನ್ ಕೋಟಿಂಗ್ ಎಂದು ಬಿಲ್ಲಿಗೆ ಸೇರಿಸುವುದನ್ನು ಬೇಡ ಎನ್ನಿ. ಸರಿಯಾದ ಆಯಿಲ್‌ನಲ್ಲಿ ಬೇಕಾದ ಅಂಶಗಳೆಲ್ಲ ತೂಗಿ ಬೆರೆಸಿರುತ್ತವೆ.

ಆಮೇಲಿನ ಕೆಲಸ ಮನೆಯವರದು. ಹದಿನೈದು ದಿನಕ್ಕೊಮ್ಮೆ, ದೂರ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನ ತಪ್ಪದೆ, ಡಿಪ್‌ಸ್ಟಿಕ್ ನೋಡಿ. ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಆಗಿರಲಿ. ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ತಳ ಮುಟ್ಟುವಂತೆ ಮತ್ತೆ ಇಳಿಸಿ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ, ಮೇಲಿನ ಅರ್ಧದಲ್ಲಿರಬೇಕು. ಎಷ್ಟೋ ಗಾಡಿಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಆದ್ದರಿಂದ ಟಾಪ್ ಅಪ್ ಮಾಡುವಾಗ ಕಾಲು ಲೀಟರಿನಷ್ಟೇ ಹಾಕಿ ನೋಡುತ್ತಾ ಹೋಗಿ. ಕೆಂಪು ಆಯಿಲ್ ದೀಪ ಓಡುವಾಗ ಹತ್ತಿದರೆ ಮುಂದಿನ ಊರಿನ ತನಕ ಹೋಗೋಣ ಎನ್ನಬೇಡಿ. ಅಲ್ಲೇ ನಿಲ್ಲಿಸಿ ಆರಿಸಿ. ಧರ್ಮಸ್ಥಳಕ್ಕೆ ಹೊರಟು ಚಾರ್ಮಾಡಿ ಘಾಟಿಯಲ್ಲಿ ಈ ಪಾಠ ಕಲಿಯುವುದು ಬೇಡ. ಬದಲಿಸಿದ ತಾರೀಕು, ಕಿಲೋಮೀಟರ್, ಆಯಿಲ್ ದರ್ಜೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಗಾಡಿಯ ಬಾಗಿಲ ಚೌಕಟ್ಟಿಗೆ ಅಂಟಿಸಿ.

ಕೊನೆಯದಾಗಿ ಬಸಿದ ಹಳೆಯ ಆಯಿಲ್ ವಿಚಾರ. ನಮ್ಮ ಕಡೆ ಅದನ್ನು ಗೆದ್ದಲು ಹಿಡಿಯದಿರಲೆಂದು ಬೇಲಿ ಗೂಟಗಳಿಗೆ, ಬಾಗಿಲು-ತೊಲೆಗಳಿಗೆ ಬಳಿಯುವುದು ರೂಢಿ. ಉಳಿದದ್ದನ್ನು ತೋಟದ ಮೂಲೆಗೆ ಸುರಿಯುವುದೂ ಉಂಟು. ಬಳಸಿದ ಆಯಿಲ್‌ನಲ್ಲಿ ಸವೆದ ಲೋಹದ ಕಣಗಳೂ ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಸೇರಿರುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಅದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನು ಮರಳಿ ಸಂಸ್ಕರಣೆಗೆ ಸೇರಿಸುವ ಹೊಣೆಯನ್ನು ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ತೆಂಗಿನ ಬೇರು ಇಳಿದಿರುವುದೂ, ನಮ್ಮ ಬೋರ್‌ವೆಲ್‌ಗೆ ನೀರು ಜಿನುಗುವುದೂ ಅದೇ ಮಣ್ಣಿನಲ್ಲಿ. ಮನೆಯಲ್ಲೇ ಆಯಿಲ್ ಬದಲಿಸುವವರು ದಯವಿಟ್ಟು ಹಳೆಯದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸಿ ಸಂಸ್ಕರಣೆಗೆ ಕಳಿಸುವ ವರ್ಕ್‌ಶಾಪಿಗೆ ಕೊಡಿ. ತೋಟಕ್ಕೆ ಒಯ್ಯಬೇಡಿ.